ಮೊದಲಿನದು ಬಿಡಿ, ನಡುವಿನದು ಹಿಡಿಯಿರಿ

ಮಲೆನಾಡಿನ ಒಂದು ತಾಲ್ಲೂಕು ಊರಿನ ಪ್ರಯೋಗಾಲಯದಲ್ಲಿ ನಾನು ತಂತ್ರಜ್ಞೆಯಾಗಿ ಕೆಲಸ ಮಾಡುತ್ತಿದ್ದೇನೆ. ಬೆಳಿಗ್ಗೆ ಏಳೂವರೆಗೆ ಬಾಗಿಲು ತೆರೆದರೆ ಹತ್ತು ಗಂಟೆಯೊಳಗೆ ಮೇಜಿನ ಮೇಲೆ ಮೂತ್ರದ ಡಬ್ಬಿಗಳು ಸಾಲುಗಟ್ಟಿರುತ್ತವೆ. ರಕ್ತವನ್ನು ನಾವೇ ತೆಗೆಯುತ್ತೇವೆ. ಯಾವ ಟ್ಯೂಬಿಗೆ ಎಷ್ಟು, ತೋಳಿಗೆ ಪಟ್ಟಿ ಎಷ್ಟು ಹೊತ್ತು ಎಂಬುದೆಲ್ಲ ನಮ್ಮ ಕೈಯಲ್ಲೇ ಇರುತ್ತದೆ. ಮೂತ್ರವನ್ನಾದರೆ ರೋಗಿಯೇ ಬಾಗಿಲು ಹಾಕಿಕೊಂಡು ಒಬ್ಬರೇ ಹಿಡಿದು ತರಬೇಕು. ಅಂದರೆ ಪರೀಕ್ಷೆಯ ಬಹುಮುಖ್ಯ ಹಂತವೊಂದು ನಮ್ಮ ಕಣ್ಣಿಗೆ ಬೀಳದ ಕೋಣೆಯಲ್ಲಿ, ಆ ಕೆಲಸದಲ್ಲಿ ಯಾವ ತರಬೇತಿಯೂ ಇಲ್ಲದ, ಜ್ವರವೋ ಉರಿಯೋ ಇರುವ ವ್ಯಕ್ತಿಯ ಕೈಯಲ್ಲಿ ನಡೆದುಹೋಗುತ್ತದೆ. ಅಂಥವರಿಗೆ ನಾವು ಹೇಳುವುದಾದರೂ ಏನು? ಡಬ್ಬಿಯೊಂದನ್ನು ಮುಂದೆ ಚಾಚಿ, "ಯೂರಿನ್ ಹಿಡ್ಕೊಂಡು ಬನ್ನಿ" ಎಂದು ಹೇಳಿ ಮುಂದಿನವರನ್ನು ಕರೆಯುತ್ತೇವೆ. ಆ ಮೂರು ಪದಗಳು ಸಾಲವು ಎಂದು ನನಗೆ ಮನದಟ್ಟಾಗಲು ಕೆಲವು ವರ್ಷಗಳೇ ಬೇಕಾದವು.

ಮನದಟ್ಟು ಮಾಡಿಸಿದವಳು ಏಳು ತಿಂಗಳ ಬಸುರಿ ಹೆಣ್ಣುಮಗಳು. ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಸುತ್ತಿ ಹಿಡಿದು, ಅತ್ತೆಯೊಂದಿಗೆ ಮೊದಲ ಬಸ್ಸಿಗೇ ಬಂದಿದ್ದಳು. ವೈದ್ಯರು ಕಲ್ಚರ್, ಅಂದರೆ ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಪೋಷಕ ತುಂಬಿದ ತಟ್ಟೆಯಲ್ಲಿ ಬೆಳೆಸಿ ನೋಡುವ ಪರೀಕ್ಷೆ, ಬರೆದಿದ್ದರು. ಎರಡನೆಯ ದಿನ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಮೂರು ನಾಲ್ಕು ಬಗೆಯ ಬೆಳವಣಿಗೆ ಒಂದರ ಮೇಲೊಂದು ಹರಡಿಕೊಂಡಿತ್ತು. ಇದಕ್ಕೆ ನಾವು ಮಿಶ್ರ ಬೆಳವಣಿಗೆ ಎನ್ನುತ್ತೇವೆ. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಮಾದರಿಗೆ ಸೇರಿದೆ, ಮತ್ತೊಮ್ಮೆ ಕಳುಹಿಸಿ ಎಂಬುದು ಅದರ ಅರ್ಥ. ಅವಳು ಮತ್ತೆ ಬಸ್ಸು ಹತ್ತಿ ಬಂದಳು. ಆ ದಿನ ಜನ ಕಡಿಮೆಯಿದ್ದುದರಿಂದ ಪಕ್ಕಕ್ಕೆ ಕೂರಿಸಿಕೊಂಡು, ಹೋದ ಸಲ ಹೇಗೆ ಹಿಡಿದೆ ಎಂದು ಕೇಳಿದೆ. ತಲೆ ತಗ್ಗಿಸಿಕೊಂಡೇ ಹೇಳಿದಳು. ಶೌಚಾಲಯದ ಬಾಗಿಲಿಗೆ ಚಿಲಕ ಸರಿಯಿರಲಿಲ್ಲವಂತೆ. ಯಾರಾದರೂ ಬಂದುಬಿಟ್ಟರೆ ಎಂಬ ಹೆದರಿಕೆಯಲ್ಲಿ ಕೂತ ತಕ್ಷಣ ಬಂದದ್ದನ್ನೇ ಹಿಡಿದಳಂತೆ. ಡಬ್ಬಿಯ ಮುಚ್ಚಳ ಇಡಲು ಜಾಗವಿಲ್ಲದೆ ಒದ್ದೆ ನೆಲದ ಮೇಲೆ ಬೋರಲು ಹಾಕಿದ್ದಳಂತೆ. ಇದರಲ್ಲಿ ಅವಳ ತಪ್ಪು ಯಾವುದು? ಮೊದಲು ತೊಳೆದುಕೊಳ್ಳಬೇಕೆಂದು ನಾನು ಹೇಳಿರಲಿಲ್ಲ. ಮೊದಲ ಧಾರೆ ಬೇಡವೆಂದೂ ಹೇಳಿರಲಿಲ್ಲ.

ಈ ಸಲ ಬಿಡಿಸಿ ಹೇಳಿದೆ. "ನೋಡವ್ವಾ, ಮೊದಲು ಕೈ ತೊಳಕೋ. ಆಮೇಲೆ ಬರೀ ನೀರಲ್ಲಿ ಮುಂದಿನಿಂದ ಹಿಂದಕ್ಕೆ ತೊಳಕೋ, ಹಿಂದಿನಿಂದ ಮುಂದಕ್ಕೆ ಬೇಡ. ಎರಡು ಬೆರಳಲ್ಲಿ ಅಗಲ ಮಾಡಿ ಹಿಡಕೊಂಡು ಒಂದಕ್ಕೆ ಕೂತ್ಕೋ. ಮೊದಲು ಬಂದದ್ದು ಹೋಗಲಿ ಬಿಡು. ನಿಲ್ಲಿಸಬೇಡ, ಹರೀತಾ ಇರುವಾಗಲೇ ನಡುವೆ ಡಬ್ಬಿ ಹಿಡಿ. ಅರ್ಧ ಡಬ್ಬಿ ಆದಮೇಲೆ ತೆಗೆದುಬಿಡು, ಉಳಿದದ್ದು ಹೊರಗೇ ಹೋಗಲಿ. ಡಬ್ಬಿ ಒಳಗೆ ಬೆರಳು ಹಾಕಬೇಡ, ಮುಚ್ಚಳದ ಒಳಮೈ ಮುಟ್ಟಬೇಡ." ಅತ್ತೆಯನ್ನು ಬಾಗಿಲ ಹೊರಗೆ ಕಾವಲು ನಿಲ್ಲಿಸಿದೆವು. ಮರುದಿನ ಅವಳ ಮಾದರಿಯ, ಕ್ಲೆಡ್ ಅಗರ್ ಎಂಬ ಪೋಷಕವಿರುವ ತಟ್ಟೆಯ ಮೇಲೆ ಎಲ್ಲವೂ ಒಂದೇ ಬಗೆಯ, ಹಳದಿ ಬಣ್ಣದ ದುಂಡನೆಯ ಕಾಲೊನಿಗಳು, ಅಂದರೆ ಬ್ಯಾಕ್ಟೀರಿಯಾದ ಗುಂಪುಗಳು, ಎಣಿಸಲಾಗದಷ್ಟು. ಈ. ಕೋಲಿ ಎಂಬ ಬ್ಯಾಕ್ಟೀರಿಯಾ ಎಂದು ಖಚಿತವಾಯಿತು. ಅವಳಿಗೆ ಉರಿಯಿರಲಿಲ್ಲ, ಜ್ವರವಿರಲಿಲ್ಲ. ಬಸುರಿಯರಲ್ಲಿ ಯಾವ ಲಕ್ಷಣವೂ ಇಲ್ಲದೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದುಂಟು, ಹಾಗೆಯೇ ಬಿಟ್ಟರೆ ಅದು ಮೇಲೇರಿ ಮೂತ್ರಪಿಂಡಕ್ಕೆ ಸೋಂಕು ತಗುಲಿಸುವ, ದಿನ ತುಂಬುವ ಮೊದಲೇ ಹೆರಿಗೆಯಾಗುವ ಅಪಾಯವಿರುತ್ತದೆ ಎಂಬ ಕಾರಣಕ್ಕಾಗಿಯೇ ಗರ್ಭಿಣಿಯರಿಗೆ ಈ ಪರೀಕ್ಷೆ ಬರೆಯುವುದು. ಸರಿಯಾದ ಮಾತ್ರೆ ಅವಳ ಕೈ ಸೇರುವುದು ನಾಲ್ಕು ದಿನ ತಡವಾಯಿತು. ಆ ನಾಲ್ಕು ದಿನಗಳು ನಾನು ಹೇಳದೆ ಬಿಟ್ಟ ನಾಲ್ಕು ಮಾತುಗಳಿಗಾಗಿ ಹೋದವು.

ನಡುವಿನ ಧಾರೆಯೇ ಏಕೆ ಎಂದು ಕೇಳುವವರಿದ್ದಾರೆ, ಕೇಳಬೇಕಾದದ್ದೇ. ಮೂತ್ರನಾಳದ ತುದಿಯಲ್ಲಿ, ಅದರ ಸುತ್ತಲಿನ ಚರ್ಮದ ಮೇಲೆ ಆರೋಗ್ಯವಂತರಲ್ಲಿಯೂ ಬ್ಯಾಕ್ಟೀರಿಯಾ ಇದ್ದೇ ಇರುತ್ತದೆ. ಮೊದಲ ಧಾರೆ ಅವುಗಳನ್ನು ತೊಳೆದುಕೊಂಡು ಹೋಗುತ್ತದೆ, ಅದರ ಹಿಂದೆ ಬರುವುದು ಮೂತ್ರಕೋಶದೊಳಗಿನ ಸಂಗತಿಯನ್ನು ಹೇಳುತ್ತದೆ. ಸಾಮಾನ್ಯ ಪರೀಕ್ಷೆಯಲ್ಲಿಯೂ ಇದರ ಗುರುತು ನಮಗೆ ಸಿಗುತ್ತದೆ. ಮೂತ್ರವನ್ನು ಸೆಂಟ್ರಿಫ್ಯೂಜ್‌ನಲ್ಲಿ ಐದು ನಿಮಿಷ ತಿರುಗಿಸಿ, ತಳಕ್ಕೆ ಕೂತ ಗಷ್ಟನ್ನು ಗಾಜಿನ ಮೇಲೆ ಒಂದು ಹನಿ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟಾಗ, ಹರಿದ ಕಾಗದದ ಚೂರಿನಂತೆ ಅಗಲವಾದ, ಮೂಲೆ ಮಡಚಿದ, ನಡುವೆ ಚುಕ್ಕೆಯಂತೆ ಪುಟ್ಟ ಕೇಂದ್ರವಿರುವ ಚಪ್ಪಟೆ ಕೋಶಗಳು ತುಂಬಿದ್ದರೆ ಅವು ಬಂದದ್ದು ಹೊರಚರ್ಮದಿಂದ, ಜನನಾಂಗದ ಭಾಗದಿಂದ. ಅವುಗಳ ಜೊತೆಗೆ ಕಾಣುವ ಕೀವಿನ ಕಣಗಳನ್ನು ಸೋಂಕು ಎಂದು ನಂಬುವುದು ಕಷ್ಟ. ಮುಟ್ಟಿನ ದಿನಗಳಲ್ಲಿ ಹಿಡಿದ ಮೂತ್ರದಲ್ಲಿ ಕೆಂಪು ರಕ್ತಕಣಗಳು ಕಾಣಿಸುವುದೂ ಹೀಗೆಯೇ. ಆ ದಿನಗಳಲ್ಲಿ ಪರೀಕ್ಷೆಯನ್ನು ಮುಂದೂಡಬಹುದಾದರೆ ಮುಂದೂಡಬೇಕು, ಆಗದಿದ್ದರೆ ನಾಚಿಕೊಳ್ಳದೆ ಹೇಳಬೇಕು, ಚೀಟಿಯಲ್ಲಿ ನಾವು ಬರೆದುಕೊಳ್ಳುತ್ತೇವೆ. ಗಂಡಸರು ಮುಂದೊಗಲನ್ನು ಹಿಂದಕ್ಕೆ ಸರಿಸಿ ತೊಳೆದುಕೊಳ್ಳಬೇಕು. ಚೆನ್ನಾಗಿ ಶುದ್ಧವಾಗಲಿ ಎಂದು ಕೆಲವರು ಕ್ರಿಮಿನಾಶಕ ದ್ರವ ಹಾಕಿ ತೊಳೆದುಕೊಂಡು ಬರುತ್ತಾರೆ. ಅದರ ಅಂಶ ಮೂತ್ರಕ್ಕೆ ಇಳಿದರೆ ನಾವು ಬೆಳೆಸಿ ನೋಡಬೇಕಾದ ಬ್ಯಾಕ್ಟೀರಿಯಾ ಡಬ್ಬಿಯಲ್ಲೇ ಸತ್ತುಹೋಗಬಹುದು. ಬರೀ ನೀರು ಸಾಕು.

ಇದಕ್ಕೆ ಹೊರತಾದ ಪರೀಕ್ಷೆಗಳೂ ಇವೆ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕ್ಲಮೀಡಿಯ, ಗೊನೊರಿಯದಂತಹ ಲೈಂಗಿಕ ಸೋಂಕುಗಳ ಆಣ್ವಿಕ ಪರೀಕ್ಷೆಗೆ ಬೇಕಾದದ್ದು ಮೂತ್ರನಾಳವನ್ನು ತೊಳೆದು ಬರುವ ಮೊದಲ 20ರಿಂದ 30 ಮಿಲಿಲೀಟರ್ ಮೂತ್ರವೇ. ಅದಕ್ಕೆ ಮೊದಲು ತೊಳೆದುಕೊಳ್ಳಬಾರದು, ಹಿಂದಿನ ಒಂದು ಗಂಟೆ ಮೂತ್ರ ಮಾಡಿರಲೂಬಾರದು. ಮೂತ್ರಾಂಗದ ಕ್ಷಯ ಇರಬಹುದೆಂದು ಅನುಮಾನವಿದ್ದರೆ ಮೂರು ದಿನ ಬೆಳಗಿನ ಮೊದಲ ಮೂತ್ರವನ್ನು ಪೂರ್ತಿಯಾಗಿ ಹಿಡಿಯಲು ಹೇಳುತ್ತಾರೆ. ಆದ್ದರಿಂದ ಯಾವ ಪರೀಕ್ಷೆ ಎಂದು ಕೇಳಿಕೊಂಡೇ ಡಬ್ಬಿ ಹಿಡಿಯಬೇಕು.

ಡಬ್ಬಿಯ ವಿಷಯಕ್ಕೆ ಬರುತ್ತೇನೆ. ಮನೆಯಿಂದಲೇ ಹಿಡಿದು ತರುವವರು ಕೈಗೆ ಸಿಕ್ಕ ಬಾಟಲಿನಲ್ಲಿ ತರುತ್ತಾರೆ. ಕೆಮ್ಮಿನ ಔಷಧಿಯ ಬಾಟಲು, ಉಪ್ಪಿನಕಾಯಿಯ ಜಾಡಿ, ಕೊಬ್ಬರಿ ಎಣ್ಣೆಯ ಡಬ್ಬಿ ಎಲ್ಲವನ್ನೂ ನೋಡಿದ್ದೇನೆ. ಒಮ್ಮೆ ಘಟ್ಟದ ಕೆಳಗಿನ ಹಳ್ಳಿಯಿಂದ ಬಂದ ಹಿರಿಯರೊಬ್ಬರು ಜೇನುತುಪ್ಪದ ಗಾಜಿನ ಬಾಟಲನ್ನು ಪಂಚೆಯ ಚುಂಗಿನಲ್ಲಿ ಸುತ್ತಿ ತಂದಿದ್ದರು. ಬಣ್ಣ ಬದಲಿಸಿ ಫಲಿತಾಂಶ ತೋರಿಸುವ ಪರೀಕ್ಷಾ ಪಟ್ಟಿಯನ್ನು ಮೂತ್ರಕ್ಕೆ ಅದ್ದಿದಾಗ ಗ್ಲೂಕೋಸಿನ ಚೌಕ ಅರ್ಧ ನಿಮಿಷದೊಳಗೆ ಗಾಢ ಬಣ್ಣಕ್ಕೆ ತಿರುಗಿತು. ಆದರೆ ಅದೇ ದಿನ ತೆಗೆದ ಖಾಲಿ ಹೊಟ್ಟೆಯ ರಕ್ತದಲ್ಲಿ ಸಕ್ಕರೆ ಸರಿಯಾಗಿತ್ತು. ಬಾಟಲನ್ನು ಮೂಗಿನ ಹತ್ತಿರ ತಂದಾಗ ಜೇನಿನ ವಾಸನೆ ಇನ್ನೂ ಇತ್ತು, ಮುಚ್ಚಳದ ಸುರುಳಿಯ ಸಂದಿನಲ್ಲಿ ಒಣಗಿದ ಜೇನು ಹೊಂಬಣ್ಣದ ಗೆರೆಯಾಗಿ ಉಳಿದಿತ್ತು. ನಮ್ಮ ಡಬ್ಬಿ ಕೊಟ್ಟು ಮತ್ತೊಮ್ಮೆ ಹಿಡಿಸಿದಾಗ ಸಕ್ಕರೆಯ ಸುಳಿವೇ ಇರಲಿಲ್ಲ. ಆ ಮೊದಲ ಫಲಿತಾಂಶ ಹಾಗೆಯೇ ವರದಿಯಾಗಿ ಹೋಗಿದ್ದರೆ ಅವರು ಎಷ್ಟು ದಿನ ಅನ್ನ ಬಿಟ್ಟು ಕೂರುತ್ತಿದ್ದರೋ ಗೊತ್ತಿಲ್ಲ. ಬ್ಲೀಚಿಂಗ್ ಪುಡಿಯಿಂದ ತೊಳೆದ ಬಾಟಲೂ ಹೀಗೆಯೇ ಮೋಸ ಮಾಡುತ್ತದೆ. ಅದರ ಶೇಷವಿದ್ದರೆ ಪಟ್ಟಿಯ ಮೇಲೆ ಇಲ್ಲದ ರಕ್ತವೂ ಇಲ್ಲದ ಸಕ್ಕರೆಯೂ ಇದ್ದಂತೆ ತೋರುತ್ತವೆ. ವಿಟಮಿನ್ ಸಿ ಮಾತ್ರೆ ಹೆಚ್ಚಾಗಿ ನುಂಗುವವರಲ್ಲಿ ಇದಕ್ಕೆ ಉಲ್ಟಾ ಆಗಿ, ಇರುವ ರಕ್ತವನ್ನೂ ಸಕ್ಕರೆಯನ್ನೂ ಪಟ್ಟಿ ಮುಚ್ಚಿಡಬಹುದು. ಆದ್ದರಿಂದ ಏನೇನು ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂಬ ಪ್ರಶ್ನೆಯನ್ನೂ ನಾವು ಕೇಳಬೇಕು.

ಕಲ್ಚರಿಗಂತೂ ಮನೆಯ ಬಾಟಲು ಎಷ್ಟು ಕುದಿಸಿದ್ದೆ ಎಂದರೂ ಬೇಡ, ಕ್ರಿಮಿರಹಿತ ಎಂದು ಮುದ್ರಿಸಿರುವ, ಮುಚ್ಚಳದ ಸೀಲ್ ಒಡೆಯದ ಡಬ್ಬಿಯೇ ಬೇಕು. ಮಾದರಿಯನ್ನು ಆ್ಯಂಟಿಬಯಾಟಿಕ್‌ನ ಮೊದಲ ಗುಳಿಗೆಗೆ ಮುಂಚೆ ಹಿಡಿಯಬೇಕು ಎಂಬುದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಉರಿಮೂತ್ರ ಬಂದರೆ ಉಷ್ಣವಾಗಿದೆ ಎಂದು ಮೊದಲು ಎಳನೀರು ಕುಡಿಯುತ್ತೇವೆ, ಇಳಿಯದಿದ್ದರೆ ಮೆಡಿಕಲ್ ಶಾಪಿನಿಂದ ಎರಡು ಗುಳಿಗೆ ತಂದು ನುಂಗುತ್ತೇವೆ, ಅದಕ್ಕೂ ಬಗ್ಗದಿದ್ದಾಗ ವೈದ್ಯರ ಬಳಿಗೆ ಹೋಗುತ್ತೇವೆ. ಅಷ್ಟರಲ್ಲಿ ಅರ್ಧಂಬರ್ಧ ಔಷಧಿ ತಿಂದ ಬ್ಯಾಕ್ಟೀರಿಯಾ ನಮ್ಮ ತಟ್ಟೆಯಲ್ಲಿ ಬೆಳೆಯುವುದಿಲ್ಲ, ರೋಗಿಯ ದೇಹದಲ್ಲಿ ಮಾತ್ರ ಉಳಿದಿರುತ್ತದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ವೈರಿ ಸಮಯ. ಡಬ್ಬಿಯಲ್ಲಿ ಕೂತ ಮೂತ್ರ ಸುಮ್ಮನೆ ಕೂತಿರುವುದಿಲ್ಲ. ಬೆಚ್ಚಗಿನ ಅನುಕೂಲ ಸಿಕ್ಕರೆ ಈ. ಕೋಲಿ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಚರ್ಮದಿಂದ ಮಾದರಿಗೆ ಬಿದ್ದ ಬ್ಯಾಕ್ಟೀರಿಯಾ ಮಿಲಿಲೀಟರಿಗೆ 1,000 ಇದ್ದವೆಂದು ಇಟ್ಟುಕೊಳ್ಳೋಣ. ಏಳು ಬಾರಿ ಇಮ್ಮಡಿಯಾದರೆ 1,28,000 ಆಗುತ್ತದೆ, ಅದಕ್ಕೆ ಬೇಕಾದದ್ದು ಎರಡು ಗಂಟೆ 20 ನಿಮಿಷ. 1956ರಲ್ಲಿ ಅಮೆರಿಕದ ವೈದ್ಯ ಎಡ್ವರ್ಡ್ ಕ್ಯಾಸ್ ಅವರು ಮಿಲಿಲೀಟರಿಗೆ ಒಂದು ಲಕ್ಷ ಬ್ಯಾಕ್ಟೀರಿಯಾ ಎಂಬ ಗೆರೆಯನ್ನು ಎಳೆದರು. ಅದಕ್ಕಿಂತ ಹೆಚ್ಚಿದ್ದರೆ ಅದು ಹೊರಗಿನಿಂದ ಬಿದ್ದದ್ದಲ್ಲ, ನಿಜವಾದ ಸೋಂಕು ಎಂದು ಹೇಳಲು ಆ ಗೆರೆ ಇಂದಿಗೂ ಬಳಕೆಯಲ್ಲಿದೆ. ಲಕ್ಷಣಗಳಿರುವವರಲ್ಲಿ ಅದಕ್ಕಿಂತ ಕಡಿಮೆ ಎಣಿಕೆಗೂ ಅರ್ಥವಿರಬಹುದು ಎಂದು ಈಗ ತಿಳಿದಿದೆ. ನಾವು ಎಣಿಸುವ ಬಗೆ ಸರಳ. ಒಂದು ಮಿಲಿಲೀಟರಿನ ಸಾವಿರದಲ್ಲೊಂದು ಭಾಗವನ್ನಷ್ಟೇ ಎತ್ತುವ ತಂತಿಯ ಬಳೆಯಿಂದ ಮೂತ್ರವನ್ನು ತಟ್ಟೆಯ ಮೇಲೆ ಎಳೆಯುತ್ತೇವೆ, ರಾತ್ರಿಯಿಡೀ ಇನ್‌ಕ್ಯುಬೇಟರಿನಲ್ಲಿ ಇಟ್ಟು ಬೆಳಿಗ್ಗೆ ನೋಡುತ್ತೇವೆ. ಒಂದು ಕಾಲೊನಿ ಎಂದರೆ ಮಿಲಿಲೀಟರಿಗೆ ಸಾವಿರ, ನೂರು ಕಾಲೊನಿ ಎಂದರೆ ಲಕ್ಷ. ಈ ಲೆಕ್ಕವೆಲ್ಲ ನಿಂತಿರುವುದು ಮೂತ್ರ ತಾಜಾ ಇದೆ ಎಂಬ ನಂಬಿಕೆಯ ಮೇಲೆ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಬಸ್ಸಿನ ಕಿಟಕಿಯ ಪಕ್ಕ ಎರಡೂವರೆ ಗಂಟೆ ಕೂತು ಬಂದ ಡಬ್ಬಿ ಆ ನಂಬಿಕೆಗೆ ಅರ್ಹವಲ್ಲ.

ಹೆಚ್ಚಾಗುವುದು ಬ್ಯಾಕ್ಟೀರಿಯಾ ಮಾತ್ರವಲ್ಲ, ಬೇರೆ ಸಂಗತಿಗಳು ಅಳಿಯುತ್ತಲೂ ಹೋಗುತ್ತವೆ. ಬ್ಯಾಕ್ಟೀರಿಯಾ ಯೂರಿಯವನ್ನು ಒಡೆದು ಅಮೋನಿಯ ಮಾಡುತ್ತದೆ, ಹಳೆಯ ಮೂತ್ರದ ಮೂಗಿಗೆ ಹೊಡೆಯುವ ವಾಸನೆ ಅದರದ್ದೇ. ಮೂತ್ರ ಕ್ಷಾರವಾಗುತ್ತಿದ್ದಂತೆ ಬಿಳಿ ಮತ್ತು ಕೆಂಪು ರಕ್ತಕಣಗಳು ಒಡೆದು ಹೋಗುತ್ತವೆ, ಮೂತ್ರಪಿಂಡದ ಸಣ್ಣ ನಾಳಗಳಲ್ಲಿ ಅಚ್ಚು ಹೊಯ್ದಂತೆ ಮೂಡುವ ಕ್ಯಾಸ್ಟ್‌ಗಳು ಕರಗುತ್ತವೆ. ಮೂತ್ರಪಿಂಡದ ಉರಿಯೂತವನ್ನು ಪತ್ತೆಹಚ್ಚಲು ಕೆಂಪು ಕಣಗಳಿರುವ ಒಂದು ಕ್ಯಾಸ್ಟ್ ಸಿಕ್ಕರೂ ಸಾಕು. ಆ ಒಂದೇ ಒಂದು ಸುಳಿವು ಡಬ್ಬಿಯಲ್ಲೇ ಕರಗಿಹೋದರೆ ಎಷ್ಟು ಒಳ್ಳೆಯ ಸೂಕ್ಷ್ಮದರ್ಶಕವಿದ್ದರೂ ಫಲವಿಲ್ಲ. ಸಕ್ಕರೆಯನ್ನು ಬ್ಯಾಕ್ಟೀರಿಯಾ ತಿಂದುಬಿಡುತ್ತದೆ, ಕಾಮಾಲೆಯಲ್ಲಿ ಕಾಣಿಸುವ ಬಿಲಿರುಬಿನ್ ಬೆಳಕಿಗೆ ನಾಶವಾಗುತ್ತದೆ. ಇದಕ್ಕಾಗಿಯೇ ನಾವು ಒಂದು ಗಂಟೆಯೊಳಗೆ, ತಡವೆಂದರೆ ಎರಡು ಗಂಟೆಯೊಳಗೆ ನೋಡಿ ಮುಗಿಸಬೇಕು ಎಂದು ಹಟ ಹಿಡಿಯುವುದು. ಕಲ್ಚರ್ ಮಾದರಿ ಅಷ್ಟರೊಳಗೆ ತಲುಪದಿದ್ದರೆ ಫ್ರಿಜ್ಜಿನಲ್ಲಿ, ಅಂದರೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ, 24 ಗಂಟೆಯವರೆಗೆ ಇಡಬಹುದು. ಮೇಲಿನ ಐಸ್ ಪೆಟ್ಟಿಗೆಯಲ್ಲಿ ಇಡಬಾರದು. ಹಾಲು, ದೋಸೆ ಹಿಟ್ಟು ಇರುವ ಜಾಗದಲ್ಲಿ ಇದನ್ನು ಹೇಗೆ ಇಡುವುದು ಎಂದು ಮನೆಯವರು ಹಿಂಜರಿಯುತ್ತಾರೆ, ಆ ಹಿಂಜರಿಕೆ ನನಗೆ ಅರ್ಥವಾಗುತ್ತದೆ. ಮುಚ್ಚಳ ಬಿಗಿ ಮಾಡಿ, ಎರಡು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಬೇರೆ ಒಂದು ಡಬ್ಬದೊಳಗೆ ಇಟ್ಟರೆ ಯಾವುದಕ್ಕೂ ತಾಗುವುದಿಲ್ಲ. ತಣ್ಣಗಾದ ಮೂತ್ರ ಮಸುಕಾಗಿ, ತಳದಲ್ಲಿ ಬಿಳಿಯೋ ತಿಳಿಗುಲಾಬಿಯೋ ಆದ ಪುಡಿ ಕೂರುವುದು ಸಹಜ. ಅದು ಲವಣ, ಕೀವಲ್ಲ. ದೂರದ ಕೇಂದ್ರಗಳಿಂದ ಬರುವ ಮಾದರಿಗಳಿಗೆ ಬೋರಿಕ್ ಆಮ್ಲದ ಪುಡಿಯಿರುವ ಟ್ಯೂಬ್ ಕೊಡುತ್ತಾರೆ. ಅದನ್ನು ಗೆರೆಯವರೆಗೆ ತುಂಬಲೇಬೇಕು. ಮೂತ್ರ ಕಡಿಮೆಯಾದರೆ ಆಮ್ಲದ ಪ್ರಮಾಣ ಹೆಚ್ಚಾಗಿ, ಕಾಪಾಡಬೇಕಾದ ಬ್ಯಾಕ್ಟೀರಿಯಾವನ್ನೇ ಅದು ಹತ್ತಿಕ್ಕುತ್ತದೆ.

ಇಪ್ಪತ್ತನಾಲ್ಕು ಗಂಟೆಯ ಮೂತ್ರದ ಕತೆಯೇ ಬೇರೆ. ದಿನವೊಂದರಲ್ಲಿ ಎಷ್ಟು ಪ್ರೋಟೀನ್ ಸೋರಿಹೋಗುತ್ತಿದೆ ಎಂದು ತಿಳಿಯಲು ಇಡೀ ದಿನದ ಮೂತ್ರವನ್ನು ದೊಡ್ಡ ಕ್ಯಾನಿನಲ್ಲಿ ಕೂಡಿಡಲು ಹೇಳುತ್ತೇವೆ. ಬೆಳಿಗ್ಗೆ ಆರಕ್ಕೆ ಎದ್ದು ಮಾಡಿದ ಮೂತ್ರವನ್ನು ಹೊರಗೆ ಬಿಟ್ಟು, ಆ ಹೊತ್ತನ್ನು ಬರೆದುಕೊಳ್ಳಬೇಕು. ಅಲ್ಲಿಂದ ಮುಂದೆ ಹಗಲಿನದು, ರಾತ್ರಿಯದು, ಮಲವಿಸರ್ಜನೆಗೆ ಕೂತಾಗ ಬಂದದ್ದು, ಹೀಗೆ ಒಂದು ಹನಿಯೂ ಬಿಡದೆ ಕ್ಯಾನಿಗೆ ಸೇರಬೇಕು. ಮರುದಿನ ಆರು ಗಂಟೆಯದು ಕೊನೆಯದು, ಅದೂ ಕ್ಯಾನಿಗೇ. ಮೊದಲಿನದನ್ನು ಬಿಡುವುದು ಏಕೆಂದರೆ ಅದು ಹಿಂದಿನ ರಾತ್ರಿಯದು, ಈ ದಿನದ ಲೆಕ್ಕಕ್ಕೆ ಸೇರಿದ್ದಲ್ಲ. ಕೇಳಲು ಸರಳವಾದ ಈ ಮಾತು ಪಾಲಿಸಲು ಎಷ್ಟು ಕಷ್ಟ ಎಂಬುದು ಒಬ್ಬ ಅಡಿಕೆ ತೋಟದ ಕೆಲಸಗಾರರಿಂದ ತಿಳಿಯಿತು. ಸುಮಾರು 60 ಕಿಲೋ ತೂಕದ ಅವರು ತಂದ ಕ್ಯಾನಿನಲ್ಲಿ ಇದ್ದದ್ದು 700 ಮಿಲಿಲೀಟರ್. ಗಂಡಸರ ಮೂತ್ರದಲ್ಲಿ ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 20 ಮಿಲಿಗ್ರಾಂ ಕ್ರಿಯಾಟಿನಿನ್, ಅಂದರೆ ಸ್ನಾಯುಗಳಿಂದ ಬರುವ ಒಂದು ತ್ಯಾಜ್ಯ, ಹೋಗುತ್ತದೆ. ಅವರದ್ದು 1,200ರ ಹತ್ತಿರ ಇರಬೇಕಿತ್ತು, ಇದ್ದದ್ದು ಅದರ ಅರ್ಧ. ವಿಚಾರಿಸಿದರೆ, "ಕೆಲಸದ ಹೊತ್ತಲ್ಲಿ ಆ ಕ್ಯಾನು ಹಿಡ್ಕೊಂಡು ತೋಟಕ್ಕೆ ಹೋಗೋಕಾಗ್ತದಾ ಮೇಡಂ, ಆಳುಗಳು ಏನಂದುಕೊಳ್ತಾರೆ" ಎಂದರು. ಹಗಲಿನದೆಲ್ಲ ಮರದ ಬುಡಕ್ಕೆ ಹೋಗಿತ್ತು. ಡೆಸಿಲೀಟರಿಗೆ, ಅಂದರೆ 100 ಮಿಲಿಲೀಟರಿಗೆ, 40 ಮಿಲಿಗ್ರಾಂ ಪ್ರೋಟೀನ್ ಇದ್ದು ಒಟ್ಟು 1,500 ಮಿಲಿಲೀಟರ್ ಆದರೆ ದಿನಕ್ಕೆ 600 ಮಿಲಿಗ್ರಾಂ, 700 ಮಿಲಿಲೀಟರ್ ಆದರೆ 280. ಸಹಜ ಮಿತಿ 150. ಗರ್ಭಿಣಿಯರಲ್ಲಿ ರಕ್ತದೊತ್ತಡದ ಜೊತೆಗೆ 300 ಮಿಲಿಗ್ರಾಂ ಎಂಬ ಗೆರೆಯೇ ಮುಂದಿನ ನಿರ್ಧಾರಗಳಿಗೆ ಆಧಾರವಾಗಿರುವಾಗ ಈ ವ್ಯತ್ಯಾಸವನ್ನು ಸಣ್ಣದೆನ್ನಲಾಗದು. ಈಗ ನಾನು ಕ್ಯಾನು ಕೊಡುವ ಮೊದಲು ನಾಳೆ ಎಲ್ಲಿರುತ್ತೀರಿ ಎಂದು ಕೇಳುತ್ತೇನೆ, ಕೆಲಸಕ್ಕೆ ರಜೆಯಿರುವ ದಿನ ಮಾಡಿ ಎನ್ನುತ್ತೇನೆ. ಹಲವರಿಗೆ ಒಂದೇ ಸಲ ಹಿಡಿದ ಮೂತ್ರದಲ್ಲಿ ಪ್ರೋಟೀನ್ ಮತ್ತು ಕ್ರಿಯಾಟಿನಿನ್‌ನ ಅನುಪಾತ ನೋಡಿದರೂ ಸಾಕಾಗುತ್ತದೆ, ವೈದ್ಯರನ್ನು ಕೇಳಬಹುದು. ಕೆಲವು ಪರೀಕ್ಷೆಗಳ ಕ್ಯಾನಿನಲ್ಲಿ ಮೊದಲೇ ಆಮ್ಲ ಹಾಕಿರುತ್ತಾರೆ. ಅದನ್ನು ಚೆಲ್ಲಬಾರದು, ಅದರೊಳಗೆ ನೇರವಾಗಿ ಮೂತ್ರ ಮಾಡಲೂಬಾರದು. ಬೇರೆ ಪಾತ್ರೆಯಲ್ಲಿ ಹಿಡಿದು ನಿಧಾನವಾಗಿ ಸುರಿಯಬೇಕು.

ವಾರ್ಡಿನಿಂದ ಬರುವ ಮಾದರಿಗಳ ಬಗ್ಗೆ ದಾದಿಯರಲ್ಲಿ ನನ್ನದೊಂದು ವಿನಂತಿ. ಕ್ಯಾತಿಟರ್, ಅಂದರೆ ಮೂತ್ರಕೋಶದಿಂದ ಮೂತ್ರ ಹರಿಸುವ ಕೊಳವೆ, ಹಾಕಿದವರ ಮೂತ್ರವನ್ನು ಮಂಚದ ಪಕ್ಕ ನೇತಾಡುವ ಚೀಲದಿಂದ ಬಗ್ಗಿಸಿ ಕಳುಹಿಸಬೇಡಿ, ಅದು ಗಂಟೆಗಟ್ಟಲೆ ಹಳೆಯದು. ಕೊಳವೆಯನ್ನು ಮಾದರಿ ತೆಗೆಯುವ ಜಾಗದ ಕೆಳಗೆ ಸ್ವಲ್ಪ ಹೊತ್ತು ಕ್ಲಿಪ್ ಹಾಕಿ ನಿಲ್ಲಿಸಿ, ಆ ಜಾಗವನ್ನು ಸ್ಪಿರಿಟ್‌ನಿಂದ ಒರೆಸಿ, ಸಿರಿಂಜಿನಿಂದ ತಾಜಾ ಮೂತ್ರ ತೆಗೆದು, ಕ್ಲಿಪ್ ಬಿಚ್ಚುವುದನ್ನು ಮರೆಯದಿರಿ. ಹಸುಗೂಸುಗಳಿಗೆ ಅಂಟಿಸುವ ಚೀಲದಲ್ಲಿ ಚರ್ಮದ ಬ್ಯಾಕ್ಟೀರಿಯಾ ಸೇರುವುದು ಬಹಳ ಹೆಚ್ಚು. ಅದರ ಕಲ್ಚರಿನಲ್ಲಿ ಏನೂ ಬೆಳೆಯದಿದ್ದರೆ ನಂಬಬಹುದು, ಬೆಳೆದರೆ ಅದೊಂದನ್ನೇ ನಂಬುವಂತಿಲ್ಲ.

ಹೆಸರಿನ ವಿಷಯದಲ್ಲಿ ತಪ್ಪು ನನ್ನದೇ ಆಗಿತ್ತು, ಅದನ್ನೂ ಬರೆಯಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಡಬ್ಬಿಯ ಮುಚ್ಚಳದ ಮೇಲೆ ಹೆಸರು ಬರೆಯುತ್ತಿದ್ದೆ, ಅಲ್ಲಿ ಬರೆಯುವುದು ಸುಲಭ. ಒಂದು ದಿನ ಎರಡು ಡಬ್ಬಿಗಳನ್ನು ಒಟ್ಟಿಗೆ ತೆರೆದೆ, ಮುಚ್ಚಳಗಳು ಅದಲುಬದಲಾದವು. ಒಬ್ಬರ ಮೂತ್ರದಲ್ಲಿದ್ದ ಮೂರು ಪ್ಲಸ್ ಪ್ರೋಟೀನ್ ಮತ್ತೊಬ್ಬರ ವರದಿಗೆ ಹೋಯಿತು. ಆ ಮತ್ತೊಬ್ಬರ ವೈದ್ಯರು, ಕಾಲಿನಲ್ಲಿ ಊತವಿಲ್ಲ, ಬಿ.ಪಿ. ಸರಿಯಿದೆ, ಇದು ಹೇಗೆ ಎಂದು ಫೋನ್ ಮಾಡಿದ್ದರಿಂದ ಸಂಜೆಯೊಳಗೆ ಗೊತ್ತಾಯಿತು. ಇಬ್ಬರನ್ನೂ ಮತ್ತೆ ಕರೆಸಿ, ನಡೆದದ್ದನ್ನು ಹೇಳಿ, ಕ್ಷಮೆ ಕೇಳಿ, ಹೊಸ ಮಾದರಿ ತೆಗೆದುಕೊಂಡೆ. ಅಂದಿನಿಂದ ಹೆಸರು, ವಯಸ್ಸು, ನೋಂದಣಿ ಸಂಖ್ಯೆ, ಹಿಡಿದ ಹೊತ್ತು ಎಲ್ಲವೂ ಡಬ್ಬಿಯ ಮೈಮೇಲೆ, ಅದೂ ಡಬ್ಬಿ ಕೊಡುವಾಗ ಅವರ ಬಾಯಿಂದಲೇ ಹೆಸರು ಹೇಳಿಸಿ.

ಪರೀಕ್ಷೆ ಮುಗಿದ ಮೇಲೆ ಕೈಗವಸು ಬಿಚ್ಚದೆಯೇ ಉಳಿದ ಮೂತ್ರವನ್ನು ಕ್ರಿಮಿನಾಶಕ ಬೆರೆಸಿ ಸಿಂಕಿನ ಪ್ರತ್ಯೇಕ ನಾಲೆಗೆ ಬಿಡುತ್ತೇವೆ, ಖಾಲಿ ಪ್ಲಾಸ್ಟಿಕ್ ಡಬ್ಬಿಗಳು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಕೆಂಪು ಚೀಲಕ್ಕೆ ಹೋಗುತ್ತವೆ.

ಆ ಬಸುರಿ ಹೆಣ್ಣುಮಗಳು ಬಂದು ಹೋದ ಮೇಲೆ ಶೌಚಾಲಯಕ್ಕೆ ಹೊಸ ಚಿಲಕ ಹಾಕಿಸಿದೆವು. ಎದೆಯ ಎತ್ತರಕ್ಕೆ ಗೋಡೆಗೆ ಒಂದು ಸಣ್ಣ ಹಲಗೆ ಹೊಡೆಸಿದೆವು, ಮುಚ್ಚಳವನ್ನು ಅಂಗಾತ ಇಡಲು. ಅದರ ಮೇಲೆ, ಕೂತವರ ಕಣ್ಣಿಗೆ ಬೀಳುವಂತೆ, ದಪ್ಪ ಅಕ್ಷರದಲ್ಲಿ ನಾನೇ ಬರೆದ ಹಾಳೆಯೊಂದಿದೆ. ಓದು ಬಾರದವರಿಗಾಗಿ ಮಗಳು ಅದರ ಕೆಳಗೆ ಮೂರು ಚಿತ್ರ ಬಿಡಿಸಿ ಕೊಟ್ಟಿದ್ದಾಳೆ. ಮೊದಲನೆಯದರಲ್ಲಿ ಡಬ್ಬಿ ದೂರದಲ್ಲಿದೆ, ಎರಡನೆಯದರಲ್ಲಿ ಧಾರೆಯ ಕೆಳಗಿದೆ, ಮೂರನೆಯದರಲ್ಲಿ ಮತ್ತೆ ದೂರದಲ್ಲಿದೆ.